52 ಸೆಕೆಂಡಿನ ಹಳೆಯ ತುಣುಕು: ಈ ಉದ್ಘೋಷಕಿ ಯಾಕೆ ಸುಮ್ಮನಾದರು?

ಕ್ಯಾಸೆಟ್ ಪೆಟ್ಟಿಗೆ
ಮಾವನ ಮನೆಯ ಅಟ್ಟದ ಮೇಲಿದ್ದ ಹದಿನೇಳು ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಮುಕ್ಕಾಲು ಪಾಲು ಮದುವೆ, ಉಪನಯನ, ಕ್ರಿಕೆಟ್. ಒಂಬತ್ತನೆಯ ಕ್ಯಾಸೆಟ್‌ನಲ್ಲಿ ಒಂದು ಗೃಹಪ್ರವೇಶಕ್ಕೂ ಒಂದು ಪಂದ್ಯಕ್ಕೂ ನಡುವೆ ದೂರದರ್ಶನದ ಉದ್ಘೋಷಕಿಯೊಬ್ಬರು 52 ಸೆಕೆಂಡು ಕಾಣಿಸಿಕೊಂಡಿದ್ದಾರೆ. ಕಡುಗೆಂಪು ಸೀರೆ, ಹಿಂದೆ ನೆರಿಗೆ ಬಿದ್ದ ಪರದೆ, ಪಕ್ಕದಲ್ಲಿ ಹೂದಾನಿ. ಯಾವ ಕೇಂದ್ರ ಎಂದು ತಿಳಿಯುವಂಥದ್ದು ಏನೂ ಇಲ್ಲ, ಕನ್ನಡ ಎಂಬುದಷ್ಟೇ ಗೊತ್ತು.

ಅವರು "ಚಿತ್ರಗೀತೆಗಳ ಕಾರ್ಯಕ್ರಮವನ್ನು ಈಗ ನೀವು ವೀಕ್ಷಿಸಲಿದ್ದೀರಿ" ಎಂದು ಹೇಳಿ ನಗುತ್ತಾರೆ. ಏನೂ ಬರುವುದಿಲ್ಲ. ನಗು ನಾಲ್ಕು ಸೆಕೆಂಡು ಹಾಗೆಯೇ ನಿಂತಿರುತ್ತದೆ. ಕಣ್ಣು ಒಮ್ಮೆ ಎಡಗಡೆ ಕೆಳಕ್ಕೆ ಹೋಗಿ ಬರುತ್ತದೆ. ಆಮೇಲೆ ಕಾಗದವನ್ನೇ ನೋಡದೆ ನಾಳೆ ಸಂಜೆಯ ಕಾರ್ಯಕ್ರಮಗಳನ್ನು ಹೇಳಲು ತೊಡಗುತ್ತಾರೆ. ಅದು ಮುಗಿಯುತ್ತಿದ್ದಂತೆ "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂಬ ಫಲಕ. ಅಷ್ಟೇ.

ಇದು ಯಾವ ವರ್ಷದ್ದಿರಬಹುದು? ಅವರು ಸುಮ್ಮನಾದದ್ದು ಯಾಕೆ? ಇಂಥ ಉದ್ಘೋಷಣೆಗಳನ್ನು ಯಾರಾದರೂ ಒಂದು ಕಡೆ ಕೂಡಿಟ್ಟಿದ್ದಾರೆಯೇ?

ತಗಡಿನ ಆಂಟೆನಾ
ಬಣ್ಣದಲ್ಲಿದೆ ಎಂದರೆ 1982ರ ನಂತರದ್ದು. ಆ ವರ್ಷದ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿಯೇ ಅಲ್ಲವೇ ನಮಗೆ ಬಣ್ಣ ಬಂದದ್ದು. ಬೆಂಗಳೂರಿಗೆ ಟಿವಿ ಬಂದದ್ದು ಅದರ ಹಿಂದಿನ ವರ್ಷ, 1981ರ ನವೆಂಬರ್‌ನಲ್ಲಿ. ಮಾವ ವಿಸಿಆರ್ ಕೊಂಡದ್ದು ಯಾವಾಗ ಎಂದು ಕೇಳಿ, ಅರ್ಧ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

ನಮ್ಮೂರಿನಲ್ಲಿ ಮೊದಲ ಟಿವಿ ನಮ್ಮ ಎದುರು ಮನೆಯಲ್ಲಿತ್ತು. ಚಿತ್ರಗೀತೆಗಳ ಕಾರ್ಯಕ್ರಮ ಚಿತ್ರಮಂಜರಿಯ ದಿನ ಅಂಗಳದವರೆಗೆ ಜನ. ಉದ್ಘೋಷಕಿ ಕೈಮುಗಿದು "ನಮಸ್ಕಾರ" ಎಂದರೆ ನಮ್ಮ ಅಜ್ಜಿಯೂ ಎದ್ದು ಕೂತು ಕೈಮುಗಿಯುತ್ತಿದ್ದರು. ನಾವು ನಗುತ್ತಿದ್ದೆವು. "ಮನೆಗೆ ಬಂದವರು ನಮಸ್ಕಾರ ಹೇಳಿದರೆ ಸುಮ್ಮನೆ ಕೂತಿರಲೇ?" ಎಂದು ಗದರುತ್ತಿದ್ದರು.

ನಗರಸಂಚಾರಿ
ನಾನು ಹುಟ್ಟಿದ್ದು 1998ರಲ್ಲಿ, ಆದ್ದರಿಂದ ತಪ್ಪಿದ್ದರೆ ತಿದ್ದಿ. ಎರಡು ಸಾಲು ಓದಿ ನಗುವುದನ್ನು ಒಂದು ವೃತ್ತಿ ಎಂದು ಹೇಳಬಹುದೇ? ಕಾರ್ಯಕ್ರಮದ ಹೆಸರನ್ನು ಪರದೆಯ ಮೇಲೆ ಬರೆದರೆ ಸಾಕಲ್ಲವೇ? ತುಣುಕನ್ನು ಹಾಕುವಾಗ ಆ ನಾಲ್ಕು ಸೆಕೆಂಡಿನ ಮೌನವನ್ನು ಕತ್ತರಿಸಿಬಿಡಿ, ನೋಡಲು ಚೆನ್ನಾಗಿರುತ್ತದೆ.

ಅಲ್ಪಪ್ರಾಣ
ವೃತ್ತಿಯ ಮಾತು ಹಾಗಿರಲಿ, ಭಾಷೆಯ ಬಗ್ಗೆ ನನ್ನದೊಂದು ಹಳೆಯ ದೂರಿದೆ. "ಈಗ ಚಿತ್ರಗೀತೆಗಳು" ಎಂದರೆ ಮುಗಿಯಿತು. "ಕಾರ್ಯಕ್ರಮವನ್ನು ಈಗ ನೀವು ವೀಕ್ಷಿಸಲಿದ್ದೀರಿ" ಎಂಬ ಬಾಲ ಯಾಕೆ? ನೋಡುವುದಕ್ಕೆ ವೀಕ್ಷಿಸುವುದು, ಕೇಳುವುದಕ್ಕೆ ಆಲಿಸುವುದು, ಕೊಡುವುದಕ್ಕೆ ಪ್ರಸ್ತುತಪಡಿಸುವುದು. ಕನ್ನಡಕ್ಕೆ ಈ ಬೊಜ್ಜು ಬಂದದ್ದರಲ್ಲಿ ಇವರ ಪಾಲು ದೊಡ್ಡದು. "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂಬುದಂತೂ ದೆಹಲಿಯ "ಖೇದ್ ಹೈ" ಎಂಬುದಕ್ಕೆ ಸೀರೆ ಉಡಿಸಿದ ಹಾಗಿದೆ.

ಸಂಜೆ ಪಾಳಿ
ಓದಿ ಸುಮ್ಮನಿರೋಣ ಎಂದುಕೊಂಡಿದ್ದೆ, ಬಾಲದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 1986ರಿಂದ ಸುಮಾರು ಹದಿಮೂರು ವರ್ಷ ನಾನು ಆ ಕುರ್ಚಿಯಲ್ಲಿ ಕೂತಿದ್ದೇನೆ. ಯಾವ ಕೇಂದ್ರ ಎಂದು ಕೇಳಬೇಡಿ. ತುಣುಕಿನಲ್ಲಿರುವುದು ನಾನಲ್ಲ.

ಅಲ್ಪಪ್ರಾಣ ಅವರೇ, ಆ ಬಾಲ ನಮ್ಮ ಶೋಕಿಗೆ ಇದ್ದದ್ದಲ್ಲ. ಟೇಪಿನ ಯಂತ್ರಕ್ಕೆ ಬೇಕಾಗಿದ್ದ ಸಮಯ ಅದು. ನಾನು ಮಾತು ಮುಗಿಸಿದ ತಕ್ಷಣ ಗುಂಡಿ ಒತ್ತಿದರೆ ಚಿತ್ರ ಬರುವುದಿಲ್ಲ. ಟೇಪು ಓಡಿ, ವೇಗ ಹಿಡಿದು, ಚಿತ್ರ ಕುಣಿಯದೆ ನಿಲ್ಲುವುದಕ್ಕೆ ಐದು ಸೆಕೆಂಡಾದರೂ ಬೇಕು. ಹಾಗಾಗಿ ನಾನು ಕಾರ್ಯಕ್ರಮದ ಹೆಸರು ಹೇಳುತ್ತಿದ್ದಂತೆ ಒಳಗೆ ಟೇಪು ಓಡಲು ಶುರುವಾಗುತ್ತಿತ್ತು. "ಕಾರ್ಯಕ್ರಮವನ್ನು, ಈಗ ನೀವು, ವೀಕ್ಷಿಸಲಿದ್ದೀರಿ", ಒಂದು ನಗು. ಗಡಿಯಾರ ಹಿಡಿದು ಓದಿ ನೋಡಿ. ಐದು ಸೆಕೆಂಡು.

ಬರೆದದ್ದನ್ನು ಬಿಟ್ಟು ನಾನು ಚುಟುಕಾಗಿ "ಈಗ ಚಿತ್ರಗೀತೆಗಳು" ಎಂದಿದ್ದರೆ ನೀವು ಮನೆಯಲ್ಲಿ ಕೂತು ಮೂರು ಸೆಕೆಂಡು ಕಪ್ಪು ಪರದೆ ನೋಡಬೇಕಾಗಿತ್ತು.

ವಿಟಿಆರ್ ಕೋಣೆ
ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗಾಜಿನ ಆಚೆ ಬದಿಯಲ್ಲಿ, ಟೇಪು ಓಡಿಸುವ ಯಂತ್ರಗಳ ಕೋಣೆಯಲ್ಲಿದ್ದವನು, ಈಗ ನಿವೃತ್ತ.

ಆಗ ನಮ್ಮಲ್ಲಿ ಇದ್ದದ್ದು ಹೆಚ್ಚಾಗಿ ಯುಮ್ಯಾಟಿಕ್ ಯಂತ್ರಗಳು. ಮುಕ್ಕಾಲು ಇಂಚಿನ ಟೇಪು, ದಪ್ಪ ಪುಸ್ತಕದಷ್ಟು ದೊಡ್ಡ ಕ್ಯಾಸೆಟ್, ಒಂದರಲ್ಲಿ ಸುಮಾರು ಒಂದು ಗಂಟೆ. ಕ್ಯಾಸೆಟ್ ಒಳಗೆ ಹೋದ ಮೇಲೆ ಯಂತ್ರವು ಟೇಪನ್ನು ಹೊರಗೆಳೆದು ತಿರುಗುವ ಉರುಳೆಯ ಸುತ್ತ ಸುತ್ತಬೇಕು. ಆ ಉರುಳೆಯ ವೇಗವೂ ಟೇಪಿನ ವೇಗವೂ ಒಂದಕ್ಕೊಂದು ಹೊಂದಿಕೊಳ್ಳುವ ಮೊದಲೇ ಪ್ರಸಾರಕ್ಕೆ ಬಿಟ್ಟರೆ ಚಿತ್ರ ಉರುಳಾಡುತ್ತದೆ. ಯಾವಾಗ ಏನು ಓಡಿಸಬೇಕು ಎಂಬ ಪಟ್ಟಿಯಲ್ಲಿ, ಅಂದರೆ ಕ್ಯೂ ಶೀಟಿನಲ್ಲಿ, ಉದ್ಘೋಷಕಿಯ ವಾಕ್ಯವನ್ನು ಪೂರ್ತಿ ಬರೆದು, ಯಾವ ಪದಕ್ಕೆ ಟೇಪು ಓಡಿಸಬೇಕೋ ಅದರ ಕೆಳಗೆ ನಾವು ಕೆಂಪು ಗೆರೆ ಎಳೆಯುತ್ತಿದ್ದೆವು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ನಮಗೆ ಅನುಕೂಲವೇ ಆಗಿತ್ತು. ಹೆಸರು ಕಿವಿಗೆ ಬಿದ್ದ ಮೇಲೂ ವಾಕ್ಯ ಮುಗಿದಿರುವುದಿಲ್ಲವಲ್ಲ!

ತುಣುಕಿನಲ್ಲಿ ನನಗೆ ಕಾಣುವುದು ಇಷ್ಟು. ಟೇಪು ಓಡಿತು, ಚಿತ್ರ ನಿಲ್ಲಲಿಲ್ಲ. ಟೇಪನ್ನು ಓದುವ ಹೆಡ್ಡಿಗೆ ಧೂಳು ಕೂತಿರಬಹುದು, ಟೇಪು ಸಿಕ್ಕಿಕೊಂಡಿರಬಹುದು. ಪ್ರಸಾರ ನಿಯಂತ್ರಣದವರು ಕ್ಯಾಮೆರಾವನ್ನು ಉದ್ಘೋಷಕಿಯ ಮೇಲೆಯೇ ಬಿಟ್ಟರು. ಅವರ ಕಣ್ಣು ಎಡಕ್ಕೆ ಕೆಳಗೆ ಹೋಯಿತಲ್ಲ, ಮಾನಿಟರ್ ಅಲ್ಲಿಯೇ ಇರುತ್ತಿತ್ತು. ಅದರಲ್ಲಿ ಇನ್ನೂ ತಮ್ಮ ಮುಖವೇ ಇದೆ ಎಂದು ಕಂಡ ಕೂಡಲೇ ತಾವಿನ್ನೂ ಪ್ರಸಾರದಲ್ಲಿದ್ದೇವೆ ಎಂದು ಅವರಿಗೆ ತಿಳಿಯಿತು.

ಕ್ಯಾಸೆಟ್ ಪೆಟ್ಟಿಗೆ
ಇದೀಗ ಮತ್ತೆ ನೋಡಿದೆ. ಕಣ್ಣು ಕೆಳಗೆ ಹೋಗಿ ಬಂದ ಮೇಲೆ ಬಲಗೈಯ ಎರಡು ಬೆರಳು ಕಾಗದದ ಅಂಚನ್ನು ಒತ್ತಿ ಹಿಡಿಯುತ್ತವೆ. ಮೊದಲ ಹತ್ತು ಸಲ ನೋಡಿದಾಗ ಗಮನಿಸಿರಲಿಲ್ಲ. ಮಾವ ವಿಸಿಆರ್ ತಂದದ್ದು 1987ರಲ್ಲಂತೆ.

ಸಂಜೆ ಪಾಳಿ
ಆ ಬೆರಳುಗಳು ಕಾಗದ ಸದ್ದು ಮಾಡದಂತೆ ಹಿಡಿದಿವೆ. ಮೈಕ್ ಸೀರೆಯ ಅಂಚಿನಲ್ಲಿ ಇರುತ್ತಿತ್ತು, ಕಾಗದ ಅದರಿಂದ ಒಂದು ಗೇಣು ದೂರ. ಹಾಳೆ ಮಗುಚಿದರೆ ಮನೆಮನೆಯಲ್ಲಿ ಮರ ಮುರಿದಂತೆ ಕೇಳಿಸುತ್ತಿತ್ತು. ಗಾಜಿನ ಬಳೆಯನ್ನು ಬಾಗಿಲಲ್ಲೇ ಬಿಚ್ಚಿಡಬೇಕು. ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ ಬಳೆ ತೆಗೆಯಲಾರೆ ಎಂದಾಗ ಮೇಕಪ್ಪಿನವರು ಎರಡೂ ಕೈಯ ಬಳೆಗಳನ್ನು ಹತ್ತಿ ಸುತ್ತಿ ದಾರದಿಂದ ಕಟ್ಟಿದ್ದರು. ಮೇಜಿನ ಕೆಳಗಿದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಅವಳು ಮಾತ್ರ ಆ ಸಂಜೆ ಕೈಮುಗಿಯುವ ಹಾಗಿರಲಿಲ್ಲ, ಬರೀ ತಲೆ ಬಾಗಿಸಿದಳು.

ಸೀರೆಗೂ ನಿಯಮವಿತ್ತು. ಅಚ್ಚ ಬಿಳಿ ಬೇಡ, ಕ್ಯಾಮೆರಾ ಮುಖವನ್ನು ಕಪ್ಪಾಗಿಸುತ್ತದೆ. ಸಣ್ಣ ಚೌಕಳಿ ಬೇಡ, ತೆರೆಯ ಮೇಲೆ ಅಲೆಅಲೆಯಾಗಿ ಕುಣಿಯುತ್ತದೆ. ಹಿಂದೆ ಬೇರೆ ಚಿತ್ರ ಕೂಡಿಸುವ ದಿನ ನೀಲಿಯಂತೂ ಬೇಡವೇ ಬೇಡ, ಸೀರೆಯ ಜಾಗದಲ್ಲಿ ಜೋಗ ಜಲಪಾತ ಧುಮುಕುತ್ತದೆ. ಇಷ್ಟೆಲ್ಲ ಬಿಟ್ಟು ಉಳಿದ ಬಣ್ಣಗಳಲ್ಲಿ, ಹೋದ ವಾರ ಉಟ್ಟದ್ದನ್ನು ಮತ್ತೆ ಉಡಬಾರದು. ಸೀರೆ ನಮ್ಮದೇ. ಅಕ್ಕತಂಗಿಯರು, ನಾದಿನಿಯರು, ಪಕ್ಕದ ಮನೆಯವರು, ಎಲ್ಲರ ಕಪಾಟೂ ನನಗೆ ತೆರೆದಿರುತ್ತಿತ್ತು. ಎರಡು ರಸ್ತೆಯಾಚೆಯ ಒಬ್ಬರು ತಮ್ಮ ಸೀರೆಯನ್ನು ಟಿವಿಯಲ್ಲಿ ನೋಡುವ ಆಸೆಗೇ ತಂದುಕೊಟ್ಟದ್ದುಂಟು.

ನಗರಸಂಚಾರಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಎರಡು ಸಾಲು ಓದುವುದು ನಮ್ಮ ಕೆಲಸದಲ್ಲಿ ಹತ್ತನೆಯ ಒಂದು ಪಾಲು. ಆ ದಿನಗಳಲ್ಲಿ ರಾತ್ರಿ 8.40ಕ್ಕೆ ದೆಹಲಿಯ ಹಿಂದಿ ವಾರ್ತೆ. ಅದು ಉಪಗ್ರಹದಿಂದ ಬರುತ್ತದೆ, ನಮಗಾಗಿ ಕಾಯುವುದಿಲ್ಲ. ನಮ್ಮ ಕಾರ್ಯಕ್ರಮವೋ, ಒಂದು ದಿನ ಎಪ್ಪತ್ತು ಸೆಕೆಂಡು ಮೊದಲೇ ಮುಗಿಯುತ್ತದೆ, ಇನ್ನೊಂದು ದಿನ ಇಪ್ಪತ್ತು ಸೆಕೆಂಡು ತಡವಾಗುತ್ತದೆ. ನಡುವಿನ ಆ ಸಂದಿಯೇ ನಮ್ಮ ಜಾಗ. ಹದಿನೈದು ಸೆಕೆಂಡಿನ ಮಾತನ್ನು ಎಂಟಕ್ಕೆ ಇಳಿಸುವುದು, ಇಲ್ಲವೇ ನಲವತ್ತಕ್ಕೆ ಎಳೆಯುವುದು, ಎರಡನ್ನೂ ಮುಖದಲ್ಲಿ ತೋರಿಸದೆ. ಫ್ಲೋರ್ ಮ್ಯಾನೇಜರ್ ಕ್ಯಾಮೆರಾದ ಪಕ್ಕದಲ್ಲಿ ನಿಂತು ಎರಡು ಕೈಯಲ್ಲಿ ಮಿಠಾಯಿ ಎಳೆದಂತೆ ಮಾಡಿದರೆ "ಹಿಗ್ಗಿಸು" ಎಂದರ್ಥ, ತೋರುಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿದರೆ "ಬೇಗ ಮುಗಿಸು". ನನಗೆ ಇವತ್ತಿಗೂ ಮದುವೆಮನೆಯಲ್ಲಿ ಯಾರಾದರೂ ಬೆರಳು ತಿರುಗಿಸಿ ಮಾತಾಡಿದರೆ ಮಾತು ಚುರುಕಾಗುತ್ತದೆ.

ನಗರಸಂಚಾರಿ
ಒಪ್ಪಿದೆ. ಆ ಉದ್ಘೋಷಕಿ ಕಾಗದ ನೋಡದೆ ಮಾತಾಡಿದ್ದು ಹೇಗೆ? ನೆನಪಿನಿಂದಲೇ?

ಸಂಜೆ ಪಾಳಿ
ಪಾಳಿಗೆ ಎರಡು ಗಂಟೆ ಮೊದಲೇ ಹೋಗಿ ನಾಳೆಯ ಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳುವುದು ರೂಢಿ. ಯಂತ್ರ ಕೈಕೊಟ್ಟರೆ ಹೇಳಲು ಏನಾದರೂ ಇರಬೇಕಲ್ಲ. ನಾವು ಅದಕ್ಕೆ "ಬುತ್ತಿ" ಎನ್ನುತ್ತಿದ್ದೆವು. ಅವರು ಆ ದಿನ ಬುತ್ತಿ ಬಿಚ್ಚಿದ್ದಾರೆ. ಅದಕ್ಕೇ ಹೇಳುತ್ತೇನೆ, ಆ ನಾಲ್ಕು ಸೆಕೆಂಡನ್ನು ಕತ್ತರಿಸಬೇಡಿ. ನಗು ಇಳಿಸದೆ ಬುತ್ತಿ ಹುಡುಕುತ್ತಿರುವುದು ಅಲ್ಲಿಯೇ ಕಾಣುವುದು.

ಅಲ್ಪಪ್ರಾಣ
ಬಾಲದ ವಿಷಯದಲ್ಲಿ ನನ್ನ ದೂರನ್ನು ಹಿಂದಕ್ಕೆ ತೆಗೆದುಕೊಂಡೆ. ಅರ್ಧ ಮಾತ್ರ. "ವೀಕ್ಷಿಸಲಿದ್ದೀರಿ" ಎಂಬ ಜಾಗದಲ್ಲಿ "ನೋಡಲಿದ್ದೀರಿ" ಎಂದಿದ್ದರೂ ಯಂತ್ರ ಕೋಪಿಸಿಕೊಳ್ಳುತ್ತಿರಲಿಲ್ಲ.

ಆದರೆ ಅವರ ಉಚ್ಚಾರಣೆಗೆ ನಾನು ಋಣಿ. ನಮ್ಮ ಮನೆಯಲ್ಲಿ ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. ಹಕಾರ ಎಂಬುದು ಬಾಯಿಯಲ್ಲಿ ಬರಬಹುದಾದ ಅಕ್ಷರ ಎಂದು ನನಗೆ ತೋರಿಸಿಕೊಟ್ಟವರು ಶಾಲೆಯ ಮೇಷ್ಟ್ರಲ್ಲ, ಸಂಜೆಯ ಟಿವಿ. ಪಾಪ, "ಉದ್ಘೋಷಕಿ" ಎಂಬ ಹುದ್ದೆಯ ಹೆಸರೇ ಒಂದು ಪರೀಕ್ಷೆ. ಅರ್ಧ ಕರ್ನಾಟಕ ಅದನ್ನು "ಉದ್ಗೋಶಕಿ" ಎನ್ನುತ್ತದೆ.

ಸಂಜೆ ಪಾಳಿ
ಆಯ್ಕೆಯ ದಿನ ನನಗೆ ಕೊಟ್ಟ ಹಾಳೆಯಲ್ಲಿ ಒಂದು ಶೋಕವಾರ್ತೆ, ಒಂದು ಕೃಷಿ ಸಲಹೆ, ಒಂದು ಹಾಸ್ಯ ಪ್ರಸಂಗ ಇದ್ದವು. ಮೂರಕ್ಕೂ ನಡುವೆ ಉಸಿರೆಳೆಯುವಷ್ಟು ಮಾತ್ರ ಬಿಡುವು. ಗೊಬ್ಬರದ ಲೆಕ್ಕ ಓದುವಾಗ ನನ್ನ ದನಿಯಲ್ಲಿ ಶೋಕ ಇನ್ನೂ ಉಳಿದಿತ್ತಂತೆ. ಅದೊಂದೇ ತಪ್ಪು ಎಂದರು.

ಶೋಕ ಎಂದಾಗ ನೆನಪಾಯಿತು. ಕಚೇರಿಯ ಕಪಾಟಿನಲ್ಲಿ ನಾವೆಲ್ಲ ಸೇರಿ ಒಂದು ತಿಳಿ ಬೂದು ಬಣ್ಣದ ಸೀರೆ ಇಟ್ಟಿದ್ದೆವು, ಇಸ್ತ್ರಿ ಮಾಡಿ. ಗಣ್ಯರು ತೀರಿಕೊಂಡ ದಿನ ಯಾರ ಪಾಳಿಯೋ ಅವರು ಉಡಬೇಕು. 1991ರ ಮೇ 21ರ ರಾತ್ರಿ ರಾಜೀವ್ ಗಾಂಧಿ ಹತ್ಯೆ, ಮರುದಿನ ಸಂಜೆ ನನ್ನ ಪಾಳಿ. ಹೋಗಿ ನೋಡಿದರೆ ಸೀರೆ ಇರಲಿಲ್ಲ, ಬೆಳಗಿನ ಪಾಳಿಯವರು ಉಟ್ಟುಕೊಂಡೇ ಮನೆಗೆ ಹೋಗಿದ್ದರು. ಕಾರ್ಯಕ್ರಮಗಳು ರದ್ದು, ಬರೀ ವಾದ್ಯ ಸಂಗೀತ. ಕಡೆಗೆ ಗ್ರಂಥಾಲಯದ ಸಹೋದ್ಯೋಗಿಯೊಬ್ಬರು ತಮ್ಮ ಸೀರೆಯನ್ನು ಬಿಚ್ಚಿಕೊಟ್ಟು, ನನ್ನ ಹಸಿರು ಸೀರೆಯುಟ್ಟು ಮೇಕಪ್ ಕೋಣೆಯಲ್ಲಿ ಕೂತಿದ್ದರು. ಕೈಮುಗಿದೆ, ನಗಬಾರದು. ಐದು ವರ್ಷ ನಗುವುದನ್ನು ಅಭ್ಯಾಸ ಮಾಡಿದ ಮುಖ ಅದು. ಕೆನ್ನೆ ತಾನಾಗಿಯೇ ಮೇಲೇಳುವುದನ್ನು ತಡೆಯಲು ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದಿದ್ದೆ.

ಕಡಲಾಚೆ
ನಾನು ಇರುವುದು ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ. ಇಲ್ಲಿ ಐಟಿವಿ ಎಂಬುದು ಬಹಳ ಕಾಲ ಪ್ರಾದೇಶಿಕ ಕಂಪನಿಗಳ ಒಕ್ಕೂಟವಾಗಿತ್ತು, ಒಂದೊಂದು ಸೀಮೆಗೆ ಒಂದೊಂದು ಕಂಪನಿ, ಅವರವರದೇ ಉದ್ಘೋಷಕರು. 1961ರಲ್ಲಿ ಪ್ಲಿಮತ್‌ನಲ್ಲಿ ಶುರುವಾದ ವೆಸ್ಟ್‌ವರ್ಡ್ ಕಂಪನಿಯ ಉದ್ಘೋಷಕರ ಪಕ್ಕದಲ್ಲಿ ಗಸ್ ಹನಿಬನ್ ಎಂಬ ಮೊಲದ ಬೊಂಬೆ ಕೂರುತ್ತಿತ್ತು. ಮಕ್ಕಳ ಹುಟ್ಟುಹಬ್ಬಕ್ಕೆ ಹೆಸರು ಓದಿ, ಎಷ್ಟು ವರ್ಷವೋ ಅಷ್ಟು ಸಲ ಮೊಲ ಕುಪ್ಪಳಿಸುವುದು. ಮುಂದೆ ಬಂದ ಕಂಪನಿಯೂ ಆ ಮೊಲವನ್ನು ಉಳಿಸಿಕೊಂಡಿತ್ತು, 1992ರ ಕೊನೆಗೆ ಆ ಕಂಪನಿಯ ಪರವಾನಗಿಯೂ ಹೋಯಿತು. ನನ್ನ ಕಚೇರಿಯ ಐವತ್ತು ದಾಟಿದವರಿಗೆ ಪ್ರಧಾನಿಗಳ ಹೆಸರು ಮರೆತರೂ ಮೊಲ ನೆನಪಿದೆ. 2002ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸೀಮೆಗಳಿಗೆಲ್ಲ ಒಂದೇ ಹೆಸರು, ಲಂಡನ್ನಿನ ಒಂದೇ ದನಿ ಬಂತು. ನಿಮ್ಮಲ್ಲಿ ಕೊನೆಯಾದದ್ದು ಹೇಗೆ?

ವಿಟಿಆರ್ ಕೋಣೆ
ನಮ್ಮಲ್ಲಿ ಒಂದು ದಿನ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ. 1994ರಲ್ಲಿ ಉದಯ ಬಂತು. ಖಾಸಗಿ ವಾಹಿನಿಗೆ ಸಂದಿಯೇ ಇಲ್ಲ, ಸಂದಿ ಇದ್ದಲ್ಲೆಲ್ಲ ಜಾಹೀರಾತು, ಮುಂದಿನ ಧಾರಾವಾಹಿಯ ತುಣುಕು. ಜನರ ಕೈಗೆ ರಿಮೋಟ್ ಬಂದಿತ್ತು. ಯಾರಾದರೂ ಕೂತು "ವೀಕ್ಷಿಸಲಿದ್ದೀರಿ" ಎನ್ನುವಷ್ಟರಲ್ಲಿ ವೀಕ್ಷಕ ಬೇರೆ ಕಡೆ ಹೋಗಿರುತ್ತಾನೆ. ಆಮೇಲೆ ಸರ್ವರ್ ಬಂತು. ಕಾರ್ಯಕ್ರಮ ಕಂಪ್ಯೂಟರಿನಲ್ಲಿ ಸಾಲಾಗಿ ಕೂತಿರುತ್ತದೆ, ಒಂದು ಮುಗಿದ ಕ್ಷಣಕ್ಕೆ ಇನ್ನೊಂದು. ಐದು ಸೆಕೆಂಡು ಯಾರಿಗೂ ಬೇಡವಾಯಿತು.

ಸಂಗ್ರಹದ ಪ್ರಶ್ನೆಗೆ ಉತ್ತರ: ನಾನು ಕಂಡಂತೆ, ಇಲ್ಲ. ಉದ್ಘೋಷಣೆ ನೇರ ಪ್ರಸಾರ. ಕಾರ್ಯಕ್ರಮದ ಟೇಪನ್ನೇ ಅಳಿಸಿ ಮತ್ತೆ ಬಳಸುತ್ತಿದ್ದ ಕಾಲದಲ್ಲಿ ನಡುವಿನ ಮಾತನ್ನು ಯಾರು ಮುದ್ರಿಸಿಕೊಳ್ಳುತ್ತಾರೆ? ಮನೆಯಲ್ಲಿ ಸಿನಿಮಾ ಮುದ್ರಿಸಿಕೊಳ್ಳುವವರೂ ಉದ್ಘೋಷಕಿ ಬಂದ ಕೂಡಲೇ ವಿಸಿಆರ್ ನಿಲ್ಲಿಸುತ್ತಿದ್ದರು, ಟೇಪು ಉಳಿಸಲು. ಉಳಿದಿರುವುದು ಸೋಮಾರಿಗಳ ಮನೆಯಲ್ಲಿ ಮಾತ್ರ. ನಿಮ್ಮ ಮಾವನಿಗೆ ನನ್ನ ನಮಸ್ಕಾರ ತಿಳಿಸಿ.

ಸಂಜೆ ಪಾಳಿ
ನನ್ನದು ಒಂದು ಸೆಕೆಂಡೂ ನನ್ನ ಬಳಿ ಇಲ್ಲ. ಇರುವುದು ಒಪ್ಪಂದದ ಕಾಗದಗಳ ಒಂದು ಕಟ್ಟು. ಪ್ರತಿ ಬುಕಿಂಗಿಗೂ ಒಂದು ಕಾಗದ, ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡ ಸಹಿ. ನಮ್ಮಲ್ಲಿ ಹೆಚ್ಚಿನವರು ಕ್ಯಾಶುವಲ್. ತಿಂಗಳಿಗೆ ಇಷ್ಟೇ ದಿನ ಎಂದು ಮಿತಿ, ಸಂಬಳವಲ್ಲ, ಸಂಭಾವನೆ. ಹಗಲು ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಊರಿಗೆಲ್ಲ ಗೊತ್ತಿದ್ದ ಮುಖಕ್ಕೆ ಅನ್ನ ಹಾಕಿದ್ದು ಸೀಮೆಸುಣ್ಣವೇ.

1992ರಲ್ಲಿ ದೂರದರ್ಶನದ ಕ್ಯಾಶುವಲ್ ಕಲಾವಿದರನ್ನು ಕಾಯಂ ಮಾಡುವ ಯೋಜನೆ ಬಂತು. ವರ್ಷಕ್ಕೆ 120 ದಿನ ಕೆಲಸ ಮಾಡಿರಬೇಕು ಎಂಬ ಲೆಕ್ಕ. ನನ್ನ ಕಟ್ಟನ್ನು ಬಿಚ್ಚಿ ಎಣಿಸಿದೆ. ಅತಿ ಹೆಚ್ಚು ಸಿಕ್ಕ ವರ್ಷವೂ ಎಪ್ಪತ್ತರ ಹತ್ತಿರ ನಿಂತಿತು. ಕಡಿಮೆಯಾಗಲು ಒಂದು ಕಾರಣ ನನ್ನ ಮಗಳು. ಐದನೆಯ ತಿಂಗಳಿನಿಂದ ತೆರೆಯ ಮೇಲೆ ಬೇಡ ಎಂದರು, ಮೇಜಿನ ಮೇಲೆ ಕಾಣುವುದು ಎದೆಯವರೆಗೆ ಮಾತ್ರವಾದರೂ. ಒಬ್ಬ ಅಧಿಕಾರಿ ದೊಡ್ಡ ಮನಸ್ಸು ಮಾಡಿ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ ದನಿ ಮಾತ್ರ ತೆಗೆದುಕೊಂಡರು. ಮೂರು ತಿಂಗಳು ತೆರೆಯ ಮೇಲೆ ದಾಸವಾಳದ ಸ್ಲೈಡು, ಹಿಂದೆ ನಾನು. ಆ ದಾಸವಾಳಕ್ಕೂ ಅಭಿಮಾನಿಗಳ ಕಾರ್ಡು ಬಂತು.

ತಗಡಿನ ಆಂಟೆನಾ
ಅಪರ್ಣಾ ಅವರನ್ನು ಇಲ್ಲಿ ಯಾರೂ ನೆನೆಯಲಿಲ್ಲವಲ್ಲ. ಆಕಾಶವಾಣಿ, ದೂರದರ್ಶನದ ಚಂದನ, ಸಾವಿರಾರು ಸಭೆಗಳ ನಿರೂಪಣೆ. ನಮ್ಮ ಮೆಟ್ರೋದಲ್ಲಿ "ಮುಂದಿನ ನಿಲ್ದಾಣ" ಎನ್ನುವ ದನಿ ಅವರದು. 2024ರ ಜುಲೈ 11ರಂದು ತೀರಿಕೊಂಡರು. ಮರುದಿನ ಮೆಟ್ರೋದಲ್ಲಿ ಹೋಗುವಾಗ ನನ್ನ ಪಕ್ಕದಲ್ಲಿದ್ದ ಹುಡುಗ ಕಿವಿಯ ಇಯರ್‌ಫೋನ್ ತೆಗೆದು ನಿಲ್ದಾಣದ ಹೆಸರು ಕೇಳಿಸಿಕೊಂಡ. ಇಳಿಯುವ ನಿಲ್ದಾಣವಲ್ಲ ಅದು.

ನಗರಸಂಚಾರಿ
ಅವರ ದನಿಯೂ ಹೀಗೆಯೇ ಸಂದಿಯ ದನಿ ಎಂದು ಈಗ ಹೊಳೆಯಿತು. ಒಂದು ನಿಲ್ದಾಣಕ್ಕೂ ಇನ್ನೊಂದಕ್ಕೂ ನಡುವೆ.

ಅಲ್ಪಪ್ರಾಣ
ಮತ್ತು ಅಲ್ಲಿ ಯಾವ ಬಾಲವೂ ಇಲ್ಲ, ಗಮನಿಸಿ. "ಮುಂದಿನ ನಿಲ್ದಾಣ", ಹೆಸರು. ಮುಗಿಯಿತು.

ವಿಟಿಆರ್ ಕೋಣೆ
ರೈಲಿಗೆ ಐದು ಸೆಕೆಂಡು ಬೇಕಾಗಿಲ್ಲ, ಅದಾಗಲೇ ಓಡುತ್ತಿರುತ್ತದೆ.

ಕ್ಯಾಸೆಟ್ ಪೆಟ್ಟಿಗೆಯವರೇ, ಒಂದು ಕೆಲಸದ ಮಾತು. ಆ ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಮತ್ತೆ ಹಾಕಬೇಡಿ, ಹೆಡ್ ಹಾಳಾಗಿ ಮುಂದಿನ ಟೇಪುಗಳಿಗೂ ಹರಡುತ್ತದೆ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಟಿವಿ, ಸ್ಪೀಕರಿನ ಹತ್ತಿರ ಬೇಡ.

ಕ್ಯಾಸೆಟ್ ಪೆಟ್ಟಿಗೆ
ಬೂಷ್ಟು ಇಲ್ಲ, ನಿಲ್ಲಿಸಿ ಇಟ್ಟೆ. ತುಣುಕನ್ನು 52 ಸೆಕೆಂಡೂ ಹಾಗೆಯೇ ಹಾಕಿದ್ದೇನೆ. ಸಂಜೆ ಪಾಳಿಯವರೇ, ಅವರು ಯಾರು ಎಂದು ನಿಮಗೆ ಗೊತ್ತಾಯಿತೇ?

ಸಂಜೆ ಪಾಳಿ
ಗೊತ್ತಾಯಿತು. ಅವರನ್ನು ಕೇಳದೆ ಇಲ್ಲಿ ಹೆಸರು ಬರೆಯುವುದಿಲ್ಲ. ಫೋನಿನಲ್ಲಿ ತುಣುಕು ಕಳಿಸಿದೆ. ಅವರ ಮೊದಲ ಮಾತು, "ಅಯ್ಯೋ, ಆ ಸೀರೆ ನಿಮ್ಮದಲ್ಲವೇ, ವಾಪಸ್ ಕೊಟ್ಟಿದ್ದೆನೇ?"

ಕೊಟ್ಟಿರಲಿಲ್ಲ.

ತಗಡಿನ ಆಂಟೆನಾ
ಅದೆಲ್ಲ ಸರಿ, ಫಲಕ ಹೋದ ಮೇಲೆ ಯಾವ ಹಾಡು ಬಂತು?

ಕ್ಯಾಸೆಟ್ ಪೆಟ್ಟಿಗೆ
ಹಾಡು ಇಲ್ಲ. ಫಲಕದ ಮೇಲೆಯೇ ಕ್ರಿಕೆಟ್ ಶುರುವಾಗುತ್ತದೆ. ಮಾವನನ್ನು ಕೇಳಿದೆ. ಪಂದ್ಯ ನೆನಪಿದೆಯಂತೆ, ಹಾಡು ಇಲ್ಲವಂತೆ.